ಬಂಗಡೆ ಪೆಟ್ಟಿಗೆಗೆ ಕೈ ಹಾಕಿದ ಬೆಳಗು

ನಿಮ್ಮ ಮನೆಯ ರೇಷ್ಮೆ ಗೂಡಿಗೆ ಮಾರುಕಟ್ಟೆಯಲ್ಲಿ ಬೆಲೆ ಕಟ್ಟುವ ಹೊತ್ತಿನಲ್ಲಿ, ಆ ಹುಳುಗಳನ್ನು ಮೇಯಿಸಿದ ಹೆಂಗಸು ಎಲ್ಲಿರುತ್ತಾಳೆ?

ಈ ಪ್ರಶ್ನೆಯನ್ನು ನಾನು ರಾಮನಗರದಲ್ಲಿ, ಕನಕಪುರದಲ್ಲಿ, ಮಾಗಡಿಯಲ್ಲಿ ಹಲವು ಸಭೆಗಳ ಮುಂದಿಟ್ಟಿದ್ದೇನೆ. ಗಂಡಸರು ಸಾಮಾನ್ಯವಾಗಿ ನಗುತ್ತಾರೆ. ಹೆಂಗಸರು ಒಬ್ಬರ ಮುಖವನ್ನೊಬ್ಬರು ನೋಡಿಕೊಳ್ಳುತ್ತಾರೆ. ಉತ್ತರ ಎಲ್ಲರಿಗೂ ಗೊತ್ತು: ಆಕೆ ಹಿತ್ತಲಿನಲ್ಲಿರುತ್ತಾಳೆ. ಗೂಡು ತುಂಬಿದ ಗಾಡಿ ಬೀದಿಯ ತಿರುವು ದಾಟುವ ಮೊದಲೇ ಸೆರಗು ಸಿಕ್ಕಿಸಿ, ಹುಳುಮನೆಯ ತಟ್ಟೆಗಳನ್ನು ಹೊರಗೆಳೆದು, ಹುಳುಗಳು ಗೂಡು ಕಟ್ಟಿದ್ದ ಬಿದಿರಿನ ಚಂದ್ರಿಕೆಗಳನ್ನು ಬಿಸಿಲಿಗೆ ಒರಗಿಸಿ, ಬ್ಲೀಚಿಂಗ್ ಪುಡಿ ಕಲಸಿದ ನೀರಿನಲ್ಲಿ ಉಜ್ಜಲು ಕೂತಿರುತ್ತಾಳೆ. ಮುಂದಿನ ಬೆಳೆಯ ಮರಿಹುಳುಗಳು ಬರುವಷ್ಟರಲ್ಲಿ ಮನೆ ಶುದ್ಧವಾಗಿರಬೇಕು, ಇಲ್ಲವಾದರೆ ರೋಗ. ಹಾಗಾಗಿ ಗೂಡು ಮಾರುವ ದಿನವೇ ಆಕೆಗೆ ಅತಿ ಹೆಚ್ಚು ಕೆಲಸವಿರುವ ದಿನ. ಯಾರೂ ಆಕೆಯನ್ನು ಮಾರುಕಟ್ಟೆಗೆ ಬರಬೇಡ ಎಂದು ತಡೆದಿರುವುದಿಲ್ಲ. ತಡೆಯುವ ಅಗತ್ಯವೇ ಬಂದಿರುವುದಿಲ್ಲ.

ವೇದಿಕೆಯ ಮೇಲೆ ಈ ಮಾತನ್ನು ಹೇಳುವಾಗ ನನ್ನ ಕಣ್ಣೆದುರು ಇರುತ್ತಿದ್ದುದು ಒಬ್ಬರೇ, ನನ್ನ ಅತ್ತಿಗೆ. ಚನ್ನಪಟ್ಟಣದಿಂದ ದೊಡ್ಡಮಳೂರಿನ ಕಡೆಗೆ ಹೋಗುವಾಗ ಹೆದ್ದಾರಿ ಬಿಟ್ಟು ಒಳಗೆ ತಿರುಗಿದರೆ ನಮ್ಮ ಊರು. ನಾನು ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳ ಹಿಂದೆ ಓಡಾಡುತ್ತಿದ್ದ ವರ್ಷ ಅವರು ನಮ್ಮ ಮನೆಗೆ ಸೊಸೆಯಾಗಿ ಬಂದರು. ಆಗಿನಿಂದ ನಮ್ಮ ಮನೆಯ ಹುಳುಗಳನ್ನು ಮೇಯಿಸುತ್ತಿರುವವರು ಅವರೇ. ರಾಮನಗರದ ಗೂಡಿನ ಮಾರುಕಟ್ಟೆಯನ್ನು ಅವರು ಕಂಡಿದ್ದು ಬೆಂಗಳೂರಿಗೆ ಹೋಗುವ ಬಸ್ಸಿನ ಕಿಟಕಿಯಿಂದ, ಅದೂ ಕಾಂಪೌಂಡಿನ ಗೋಡೆಯನ್ನು ಮಾತ್ರ.

ಈ ವರ್ಷ ಆ ಪ್ರಶ್ನೆ ತುರ್ತಿನದಾಯಿತು. ಹುಳುಮನೆಯ ಧೂಳು ಅತ್ತಿಗೆಯ ಶ್ವಾಸಕೋಶಕ್ಕೆ ಇಳಿದಿದೆ, ಇನ್ನು ಆ ಕೋಣೆಗೆ ಕಾಲಿಡಬಾರದು ಎಂದು ವೈದ್ಯರು ಹೇಳಿದರು. ಆಗಲೇ ಮನೆಗೆ ಮರಿಹುಳು ಬಂದಾಗಿತ್ತು. ಇದೊಂದು ಬೆಳೆ ತೆಗೆದು ನಿಲ್ಲಿಸುವುದೆಂದು, ಹಿಪ್ಪುನೇರಳೆ ತೋಟವನ್ನು ಪಕ್ಕದವರಿಗೆ ಬಾಳೆ ಹಾಕಲು ಕೊಡುವುದೆಂದು ಅಣ್ಣ ತೀರ್ಮಾನಿಸಿದ. ಅಂದರೆ ಅತ್ತಿಗೆ ತಮ್ಮ ಗೂಡಿನ ಜೊತೆ ಮಾರುಕಟ್ಟೆಗೆ ಹೋಗಬೇಕೆಂದರೆ ಉಳಿದಿದ್ದು ಒಂದೇ ಅವಕಾಶ. ಊರೂರು ಸುತ್ತಿ ನಾನು ಹೇಳಿದ ಮಾತು ನನ್ನ ಮನೆಯಲ್ಲಿ ನಿಜವಾಗುತ್ತದೆಯೋ ಇಲ್ಲವೋ ಎಂಬುದಕ್ಕೂ ಅದೇ ಕೊನೆಯ ಅವಕಾಶವಾಗಿತ್ತು.

ಅದೇ ಸಮಯಕ್ಕೆ ನನಗೆ ಕೊರಿಯಾದಲ್ಲಿ ನಡೆಯಲಿದ್ದ ಒಂದು ಸಮಾವೇಶದಿಂದ ಕರೆ ಬಂತು. ದುಡಿಯುವ ಹೆಂಗಸರ ಕುರಿತು ಮಾತನಾಡಬೇಕಿತ್ತು. ಹೊರಡುವ ಹಿಂದಿನ ದಿನ ಊರಿಗೆ ಹೋದೆ. ಹುಳುಗಳು ಮೂರನೇ ಜ್ವರದಿಂದ ಎದ್ದಿದ್ದವು. ಹುಳು ಮೇವು ಬಿಟ್ಟು, ತಲೆ ಎತ್ತಿ, ಪೊರೆ ಕಳಚಲು ಕೂರುವುದಕ್ಕೆ ನಮ್ಮಲ್ಲಿ ಜ್ವರವೆಂದೇ ಹೇಳುತ್ತಾರೆ. ಅತ್ತಿಗೆ ಮೂಗಿಗೆ ಹಳೆಯ ಸೀರೆಯ ತುಂಡು ಕಟ್ಟಿಕೊಂಡು ಸೊಪ್ಪು ಹರಡುತ್ತಿದ್ದರು.

"ಕೊರಿಯಾದಲ್ಲಿ ನಿಂಗೇನಮ್ಮಿ ಕೆಲ್ಸ?"

"ಭಾಷಣ ಅತ್ತಿಗೆ. ಹೆಂಗಸರ ದುಡಿಮೆ ಬಗ್ಗೆ."

"ಅದುನ್ ಹೇಳಕ್ಕೆ ವಿಮಾನ ಹತ್ಬೇಕಾ? ಇಲ್ಲೇ ತಟ್ಟೆ ಮುಂದೆ ನಿಂತ್ಕಂಡು ಹೇಳು. ಹುಳ ಆದ್ರೂ ಒಸಿ ಕೇಳುಸ್ಕತವೆ."

"ಗೂಡು ಬಿಡಿಸೋ ಹೊತ್ತಿಗೆ ಬಂದುಬಿಡ್ತೀನಿ. ಈ ಸಲ ಮಾರ್ಕೆಟ್ಟಿಗೆ ನೀವು ಬರಲೇಬೇಕು."

"ಬತ್ತೀನಿ ಬುಡು" ಎಂದರು ಅತ್ತಿಗೆ. ಪ್ರತಿ ಸಲವೂ ಹೀಗೆಯೇ ಹೇಳುತ್ತಿದ್ದರು, ಅದರ ಅರ್ಥ ಬರುವುದಿಲ್ಲ ಎಂದು. "ತಟ್ಟೆ ಯಾರ್ ತೊಳೀತಾರೆ, ನಿಮ್ಮಣ್ಣ ತೊಳೀತಾನಾ?"

"ನನ್ ಹೆಸ್ರು ಯಾಕ್ರವ್ವ ಅದ್ರೊಳಕ್ಕೆ ಎಳೀತೀರ?" ಎಂದು ಜಗಲಿಯಿಂದ ಅಣ್ಣನ ದನಿ ಬಂತು.

ನಾವು ಮೂವರೂ ನಕ್ಕೆವು. ಅತ್ತಿಗೆಗೆ ನಗು ಕೆಮ್ಮಾಗಿ ತಿರುಗಿ, ಅವರು ಬಾಗಿಲ ಚೌಕಟ್ಟು ಹಿಡಿದು ನಿಂತರು.

ಸಮಾವೇಶ ನಡೆದದ್ದು ದೊಡ್ಡದೊಂದು ಬಂದರು ನಗರದಲ್ಲಿ. ನನ್ನ ಮಾತಿಗೆ ಚಪ್ಪಾಳೆ ಬಿತ್ತು. ಚಪ್ಪಾಳೆ ಮುಗಿದ ಮೇಲೆ ಎಲ್ಲರೂ ತಮ್ಮ ತಮ್ಮ ಗುಂಪುಗಳಿಗೆ ಸೇರಿಕೊಂಡರು. ನನ್ನೊಡನೆ ಒಂದು ವಾಕ್ಯ ಆಡಿದವರು ಎರಡನೆಯ ವಾಕ್ಯಕ್ಕೆ ನಿಲ್ಲಲಿಲ್ಲ. ಹೋಟೆಲಿನ ಕೋಣೆಯ ಕಿಟಕಿ ತೆರೆಯಲು ಬರುತ್ತಿರಲಿಲ್ಲ. ಮದುವೆಯಾಗದೆ ಉಳಿದವಳಿಗೆ ಒಂಟಿಯಾಗಿರುವುದು ಹೊಸತಲ್ಲ. ರಾಮನಗರದ ನನ್ನ ಬಾಡಿಗೆ ಮನೆಯಲ್ಲಿ ನಾನು ಒಬ್ಬಳೇ ಉಂಡು ಒಬ್ಬಳೇ ಮಲಗುತ್ತೇನೆ. ಆದರೆ ಅಲ್ಲಿ ಹಾಲಿನವನ ಸೈಕಲ್ ಗಂಟೆಯಿದೆ, ಗೋಡೆಯಾಚೆ ಯಾರದೋ ಟಿವಿ ಇದೆ. ಇಲ್ಲಿ ನನ್ನ ಭಾಷೆಯ ಒಂದು ಶಬ್ದವೂ ಯಾವ ಗೋಡೆಯಿಂದಲೂ ಬರುತ್ತಿರಲಿಲ್ಲ. ಹಲ್ಲುಜ್ಜುವಾಗ ನಾನೇ ಗಟ್ಟಿಯಾಗಿ ಕನ್ನಡದಲ್ಲಿ ಏನಾದರೊಂದು ಹೇಳಿಕೊಳ್ಳುತ್ತಿದ್ದೆ. ಅದು ಕೂಡ ಭಾಷಣದಂತೆಯೇ ಕೇಳುತ್ತಿತ್ತು.

ಕೊನೆಯ ದಿನ ಬಿಡುವಿತ್ತು. ಈ ನಗರಕ್ಕೆ ಬಂದವರು ಬೆಳಕು ಹರಿಯುವ ಮುನ್ನ ಮೀನಿನ ಮಾರುಕಟ್ಟೆ ನೋಡಲೇಬೇಕೆಂದು ಹೋಟೆಲಿನವರು ಹೇಳಿದ್ದರು. ಮೀನಿನ ಪೇಟೆಯಲ್ಲಿ ಇಲ್ಲಿ ಹೆಂಗಸರದೇ ಕೈ ಮೇಲು ಎಂದು ಸಮಾವೇಶದಲ್ಲಿ ಯಾರೋ ಅಂದಿದ್ದರು. ನನ್ನನ್ನು ಹಾಸಿಗೆಯಿಂದ ಎಬ್ಬಿಸಿದ್ದು ಆ ಮಾತು. ನನ್ನ ವಾದಕ್ಕೆ ಕಣ್ಣಾರೆ ಕಂಡ ಒಂದು ಸಾಕ್ಷಿ ಬೇಕಿತ್ತು. ಅತ್ತಿಗೆಗೆ ಹೇಳಲೂ ಬೇಕಿತ್ತು: ನೋಡಿ ಅತ್ತಿಗೆ, ಬೇರೆ ದೇಶದಲ್ಲಿ ಹೆಂಗಸರೇ ಮಾರುಕಟ್ಟೆ ನಡೆಸುತ್ತಾರೆ. ಜೊತೆಗೆ ಬರುತ್ತೇವೆಂದಿದ್ದ ಇಬ್ಬರು ಪ್ರತಿನಿಧಿಗಳು ಬಾಗಿಲು ತಟ್ಟಿದರೂ ಏಳಲಿಲ್ಲ. ಒಬ್ಬಳೇ ಟ್ಯಾಕ್ಸಿ ಹತ್ತಿದೆ.

ಅದು ಗೋಡೆಗಳಿಲ್ಲದ, ಬರೀ ಸೂರಿನ ಉದ್ದನೆಯ ಕಟ್ಟಡ. ಒಂದು ಮಗ್ಗುಲಲ್ಲಿ ಕಪ್ಪು ನೀರು, ನೀರಿಗೆ ಆತು ನಿಂತ ದೋಣಿಗಳು. ನೆಲವೆಲ್ಲ ಒದ್ದೆ, ಮಂಜುಗಡ್ಡೆಯ ಚೂರು. ಎಲ್ಲರ ಕಾಲಲ್ಲೂ ಮೊಣಕಾಲೆತ್ತರದ ರಬ್ಬರ್ ಬೂಟು. ನನ್ನ ಕಾಲಲ್ಲಿ ಚನ್ನಪಟ್ಟಣದ ಪೇಟೆಯಲ್ಲಿ ಕೊಂಡ ಚಪ್ಪಲಿ. ಕಾಲ್ಬೆರಳು ಮರಗಟ್ಟಿದವು. ವಾಸನೆ ನಾನು ಹೆದರಿದಷ್ಟು ಇರಲಿಲ್ಲ. ನಮ್ಮ ಕಡೆ ಕೆರೆ ಮೀನು ತಿನ್ನುತ್ತೇವಾದರೂ ಹುಳು ಇರುವ ದಿನಗಳಲ್ಲಿ ಮನೆಯಲ್ಲಿ ಮೀನು ಬೇಯಿಸುವುದಿಲ್ಲ. ವಾಸನೆ ಹುಳುವಿಗೆ ಆಗದು ಎಂಬುದು ಅತ್ತಿಗೆಯ ಕಟ್ಟುನಿಟ್ಟು.

ದೀಪಗಳ ಕೆಳಗೆ ಹೆಂಗಸರು ಸಾಲಾಗಿ ಕುಕ್ಕರಗಾಲಲ್ಲಿ ಕೂತಿದ್ದರು. ತಲೆಗೆ ಬಟ್ಟೆ, ಕೈಗೆ ಕೆಂಪು ಗವಸು. ಮುಂದೆ ಬಂಗಡೆ ಮೀನಿನ ರಾಶಿ. ಒಂದೊಂದನ್ನೂ ಎತ್ತಿ, ಕಣ್ಣಳತೆಯಲ್ಲೇ ದೊಡ್ಡದು, ನಡುವಿನದು, ಸಣ್ಣದು ಎಂದು ಬೇರೆ ಮಾಡಿ ಮರದ ಪೆಟ್ಟಿಗೆಗಳಿಗೆ ಜೋಡಿಸುತ್ತಿದ್ದರು. ತಲೆಯೆಲ್ಲ ಒಂದೇ ಕಡೆ, ಹೊಟ್ಟೆಯೆಲ್ಲ ಒಂದೇ ಕಡೆ. ಅವರ ಮಾತು ಅರ್ಥವಾಗದಿದ್ದರೂ ಅದು ಯಾರನ್ನೋ ಆಡಿಕೊಳ್ಳುವ ಮಾತೆಂದು ತಿಳಿಯುತ್ತಿತ್ತು. ಒಬ್ಬಳು ಏನೋ ಅಂದರೆ ಸಾಲಿಗೆ ಸಾಲೇ ನಗುತ್ತಿತ್ತು. ನಮ್ಮ ಹಟ್ಟಿಯಲ್ಲಿ ಗೂಡು ಬಿಡಿಸುವ ದಿನ ಅಕ್ಕಪಕ್ಕದ ಹೆಂಗಸರು ಚಂದ್ರಿಕೆಯ ಸುತ್ತ ಕೂತು, ಕಲೆಯಾದ ಗೂಡು, ಎರಡು ಹುಳು ಸೇರಿ ಕಟ್ಟಿದ ಜೋಡಿ ಗೂಡು ಆರಿಸಿ ಎಸೆಯುತ್ತ ಹೀಗೆಯೇ ನಗುತ್ತಾರೆ. ಬಂದ ಮೇಲೆ ಮೊದಲ ಬಾರಿಗೆ ಆ ದೇಶದಲ್ಲಿ ನನಗೆ ಏನೋ ಅರ್ಥವಾಯಿತೆನಿಸಿತು. ಸಾಲಿನ ತುದಿಯಲ್ಲಿ ಕೂತ ವಯಸ್ಸಾದ ಹೆಂಗಸೊಬ್ಬಳ ಎದುರು, ಹೊರಗಿನವರು ದಾಟದಂತೆ ನೆಲಕ್ಕೆ ಬಳಿದ ಹಳದಿ ಗೆರೆಯ ಈಚೆ, ನಾನು ನಿಂತುಬಿಟ್ಟೆ.

ಗಂಟೆ ಮೊಳಗಿತು.

ಹೆಂಗಸರು ಎದ್ದರು. ಗವಸು ಕಳಚಿ, ಸೊಂಟ ಹಿಡಿದುಕೊಂಡು, ಒಬ್ಬರ ಹಿಂದೊಬ್ಬರು ಕಟ್ಟಡದ ಹಿಂಭಾಗಕ್ಕೆ ನಡೆದುಹೋದರು. ಅವರು ಬಿಟ್ಟ ಜಾಗಕ್ಕೆ ಗಂಡಸರು ಬಂದರು. ಅವರ ಟೋಪಿಗಳ ಮೇಲೆ ಸಂಖ್ಯೆಗಳಿದ್ದವು. ಹರಾಜು ಕೂಗುವವನು ಉಸಿರು ಬಿಡದೆ ಹಾಡಿದಂತೆ ಕೂಗತೊಡಗಿದ. ಕೊಳ್ಳುವವರು ತಮ್ಮ ಜಾಕೀಟಿನ ಅಂಚನ್ನು ಎತ್ತಿ ಹಿಡಿದು, ಅದರ ಮರೆಯಲ್ಲಿ ಬೆರಳುಗಳನ್ನು ತೋರಿಸುತ್ತಿದ್ದರು. ನಮ್ಮ ಕುರಿ ಸಂತೆಯಲ್ಲಿ ಟವೆಲ್ ಕೆಳಗೆ ಬೆರಳು ಹಿಡಿದು ದರ ಹೇಳುವಂತೆಯೇ. ಆ ಗುಂಪಿನಲ್ಲಿ ನನಗೆ ಒಬ್ಬ ಹೆಂಗಸೂ ಕಾಣಲಿಲ್ಲ.

ಚರ್ಚಾಸ್ಪರ್ಧೆಯಲ್ಲಿ ಎದುರಾಳಿ ನನ್ನ ಉದಾಹರಣೆಯನ್ನೇ ನನ್ನ ವಿರುದ್ಧ ಎತ್ತಿ ಹಿಡಿದಾಗ ಆಗುವ ಅನುಭವ ನನಗೆ ಪರಿಚಿತ. ಆದರೆ ಅಲ್ಲಿ ಉತ್ತರಿಸಲು ಸಮಯ ಕೊಡುತ್ತಾರೆ. ಹೊರಗಿನ ಬೀದಿಯ ಚಿಲ್ಲರೆ ಅಂಗಡಿಗಳಲ್ಲಿ ಹೆಂಗಸರು ಮಾರುತ್ತಾರೆಂಬುದು ಆಮೇಲೆ ತಿಳಿಯಿತು, ಅದೂ ನಿಜವೇ. ಆದರೆ ಆ ಬೆಳಗ್ಗೆ ಆ ಸೂರಿನ ಕೆಳಗೆ, ಇಷ್ಟು ದೂರ ಬಂದು ನಾನು ಕಂಡಿದ್ದು ನಮ್ಮ ಹಿತ್ತಲನ್ನೇ.

ಒಬ್ಬಳು ಮಾತ್ರ ಹೋಗಿರಲಿಲ್ಲ. ತುದಿಯಲ್ಲಿದ್ದ ಆ ವಯಸ್ಸಾದ ಹೆಂಗಸು ಖಾಲಿ ಪೆಟ್ಟಿಗೆಯೊಂದನ್ನು ಬೋರಲು ಹಾಕಿ, ತಾನು ಜೋಡಿಸಿದ ಸಾಲಿನ ಪಕ್ಕದಲ್ಲೇ ಕೂತು ಕಾಗದದ ಲೋಟದಲ್ಲಿ ಏನೋ ಕುಡಿಯುತ್ತಿದ್ದಳು. ಹರಾಜಿನ ಗುಂಪು ಒಂದೊಂದೇ ಸಾಲು ಮುಗಿಸಿ ಅವಳತ್ತ ಬರುತ್ತಿತ್ತು. ನಾನು ಗೆರೆಯ ಅಂಚಿನವರೆಗೆ ಅವಳ ಬಳಿ ಸರಿದೆ. ಪೆಟ್ಟಿಗೆಯಲ್ಲಿ ಬಂಗಡೆಗಳು ಹೊಸದಾಗಿ ಮಿಂಚುತ್ತಿದ್ದವು. ಅವಳು ತಲೆ ಎತ್ತಿ ನನ್ನನ್ನು ನೋಡಿದಳು. ನಾನು ಗೆರೆಯಾಚೆ ಬಗ್ಗಿ ಪೆಟ್ಟಿಗೆಗೆ ಕೈ ಹಾಕಿದೆ.

ಯಾಕೆ ಹಾಗೆ ಮಾಡಿದೆನೆಂದು ಹೇಳಬೇಕು. ಚಿಕ್ಕಂದಿನಲ್ಲಿ ಅಪ್ಪ ನನ್ನನ್ನು ಗೂಡಿನ ಮಾರುಕಟ್ಟೆಗೆ ಕರೆದುಕೊಂಡು ಹೋಗುತ್ತಿದ್ದರು. ಲಂಗ ಹೋಗಿ ದಾವಣಿ ಬರುವವರೆಗೆ ಹೆಣ್ಣುಮಕ್ಕಳಿಗೆ ಅಲ್ಲಿ ಅಡ್ಡಿಯಿರಲಿಲ್ಲ. ಸಾಲುಸಾಲು ತಟ್ಟೆಗಳಲ್ಲಿ ಸುರಿದ ಹಳದಿ ಗೂಡು. ಹಾದುಹೋಗುವವರೆಲ್ಲ ನಿಂತು, ಒಂದು ಹಿಡಿ ಎತ್ತಿ, ಒಳಗಿನ ಹುಳುವಿನ ಸದ್ದು ಕೇಳಲು ಕಿವಿಯ ಬಳಿ ಕುಲುಕಿ, ಮತ್ತೆ ಸುರಿಯುತ್ತಿದ್ದರು. ಕೊಳ್ಳುವವರು ಮಾತ್ರವಲ್ಲ, ಕೊಳ್ಳದವರೂ ಕೂಡ. ನಾನು ಹಿಂಜರಿದರೆ ಅಪ್ಪ ಹೇಳುತ್ತಿದ್ದರು: "ಕೈ ಹಾಕು ಮಗ. ನೋಡ್ಬುಟ್ಟು ಸುಮ್ಕೆ ಹೋದ್ರೆ ಗೂಡ್ನೋರು ನೊಂದ್ಕತಾರೆ, ಏನೋ ಕೊರತೆ ಕಂಡ್ರು ಅಂತ." ಒಬ್ಬರ ಬೆಳೆಯ ಮುಂದೆ ನಿಂತು ಕೈ ಹಾಕದೆ ಹೋಗುವುದು ನಮ್ಮಲ್ಲಿ ಮನೆಗೆ ಬಂದು ನೀರು ಬೇಡವೆಂದಂತೆ. ಆ ಮುದುಕಿ ನನ್ನನ್ನು ನೋಡಿದಾಗ ನನ್ನ ಕೈ ತಾನಾಗಿಯೇ ಆ ಮರ್ಯಾದೆ ಸಲ್ಲಿಸಲು ಹೋಯಿತು.

ಸೀಟಿ ಊದಿದ ಸದ್ದು. ಒಬ್ಬ ಮೇಲ್ವಿಚಾರಕ ಓಡಿಬಂದು, ಹಳದಿ ಗೆರೆಯನ್ನೂ ನನ್ನನ್ನೂ ಬೆರಳಿಂದ ತೋರಿಸಿ ಗದರಿದ. ಟೋಪಿಯ ಗಂಡಸರು ತಿರುಗಿ ನೋಡಿದರು. ಪ್ರವಾಸಿಗಳ ಗುಂಪೊಂದು ಫೋನುಗಳನ್ನು ನನ್ನತ್ತ ಹಿಡಿಯಿತು. ಪೆಟ್ಟಿಗೆಯಿಂದ ಎತ್ತಿದ ಒಂದು ಮೀನು ಇನ್ನೂ ನನ್ನ ಕೈಯಲ್ಲಿತ್ತು. ಇಂಗ್ಲಿಷಿನಲ್ಲಿ ಕ್ಷಮೆ ಕೇಳಿದೆ, ಯಾರಿಗೂ ಕೇಳಿಸಲಿಲ್ಲ. ಆ ಗಳಿಗೆಯಲ್ಲಿ ಆ ಸೂರಿನ ಕೆಳಗೆ ನನ್ನಷ್ಟು ಒಂಟಿಯಾದವರು ಇನ್ನೊಬ್ಬರು ಇದ್ದಿರಲಾರರು.

ಮುದುಕಿ ಎದ್ದಳು. ಮೇಲ್ವಿಚಾರಕನಿಗೆ ಏನೋ ಒಂದು ಮಾತು ಅಂದಳು. ಅದೇನು ಬೈಗುಳವೋ, ಸುತ್ತಲಿದ್ದವರು ನಕ್ಕರು, ಅವನೂ ನಕ್ಕುಬಿಟ್ಟ. ನನ್ನ ಕೈಯಿಂದ ಮೀನು ತೆಗೆದು, ಅದು ಇದ್ದಲ್ಲಿಯೇ, ತಲೆ ಅದೇ ಕಡೆಗೆ ಮಾಡಿ ಇಟ್ಟಳು. ತನ್ನ ಕೊರಳಿನ ಟವೆಲ್ ಎಳೆದು ನನ್ನ ಬೆರಳುಗಳನ್ನು ಒಂದೊಂದಾಗಿ ಒರೆಸಿದಳು. ಅವಳ ಅಂಗೈ ತಣ್ಣಗೆ, ಒರಟಾಗಿ, ಉಪ್ಪಿನಲ್ಲಿ ಬಿರಿದಿತ್ತು. ಒರೆಸಿದ ಮೇಲೆ ಕೈ ಬಿಡಲಿಲ್ಲ. ಮಣಿಕಟ್ಟು ಹಿಡಿದು, ಗೆರೆಯ ಈಚೆ ಬಂದು ನನ್ನ ಪಕ್ಕದಲ್ಲಿ ನಿಂತಳು. ಹರಾಜು ಅವಳ ಸಾಲಿಗೆ ಬಂತು. ಕೂಗು, ಜಾಕೀಟಿನ ಮರೆಯ ಬೆರಳುಗಳು, ಮತ್ತೆ ಕೂಗು. ಅವಳು ಕತ್ತು ಚಾಚಿ ಕೇಳಿಸಿಕೊಂಡಳು. ಮುಗಿದ ಕೂಡಲೇ ತಲೆಯನ್ನು ಒಮ್ಮೆ ಮಾತ್ರ ಆಡಿಸಿ, ನನ್ನ ಕೈ ಬಿಟ್ಟು, ಬೋರಲು ಹಾಕಿದ್ದ ಪೆಟ್ಟಿಗೆಯನ್ನು ಎತ್ತಿಕೊಂಡು ಹಿಂಭಾಗಕ್ಕೆ ಹೊರಟುಹೋದಳು.

ಅವಳು ಕೂಲಿಯವಳು. ಮೀನು ಅವಳದಲ್ಲ, ಬೆಲೆ ಏರಿದರೂ ಇಳಿದರೂ ಅವಳಿಗೆ ಏನೂ ಆಗಬೇಕಾದ್ದಿರಲಿಲ್ಲ. ಕಾಲು ನೋವಿಗೆ ಕೂತಿದ್ದಿರಲೂಬಹುದು. ಆದರೆ ಅವಳು ಕೇಳಿಸಿಕೊಂಡ ರೀತಿ ನನ್ನ ಕಣ್ಣಿನಲ್ಲಿ ಉಳಿದಿದೆ. ಬೆಳಕು ಹರಿದಾಗ ಕಡಲಿನ ಕಡೆಗೆ ಮುಖ ಮಾಡಿ ಬಹಳ ಹೊತ್ತು ನಿಂತಿದ್ದೆ. ನಾನು ಕಂಡದ್ದನ್ನು ಹೇಳಿಕೊಳ್ಳಬಹುದಾದ ಒಬ್ಬರೇ ಒಬ್ಬರು ಆಗ, ಇನ್ನೂ ಕತ್ತಲಿದ್ದ ನಮ್ಮ ಊರಿನಲ್ಲಿ ಎದ್ದು, ಹುಳುಗಳಿಗೆ ಸೊಪ್ಪು ಹಾಕುತ್ತಿದ್ದಿರಬೇಕು.

ನಾನು ಊರಿಗೆ ಬಂದಾಗ ಹುಳುಗಳು ಹಣ್ಣಾಗಿ, ಚಂದ್ರಿಕೆ ಹತ್ತಿ, ಗೂಡು ಕಟ್ಟಿ ಮುಗಿಸಿದ್ದವು. ಮೀನು ಮಾರುಕಟ್ಟೆಗೆ ಹೋಗಿದ್ದೆ ಎಂದು ಬಾಗಿಲಲ್ಲೇ ಬಾಯಿಬಿಟ್ಟೆ.

"ಅಲ್ಲೇ ನಿಂತ್ಕ!" ಎಂದರು ಅತ್ತಿಗೆ. "ಅದೇ ಚಪ್ಲೀನಾ? ಬೇಲಿ ಹತ್ರ ಬುಡು. ಮೀನ್ ಚಪ್ಲಿ ಹಾಕ್ಕಂಡು ನನ್ ಗೂಡ್ ಮುಂದ್ಕೆ ಬತ್ತಾಳೆ, ಮೇಡಮ್ಮು!"

ಸ್ನಾನವಾದ ಮೇಲೆಯೇ ಒಳಗೆ ಬಿಟ್ಟರು. ಗೂಡು ಬಿಡಿಸುತ್ತ ಕೂತಾಗ ಆ ಬೆಳಗಿನ ಕತೆ ಹೇಳಿದೆ. ಹೆಂಗಸರು ನಡೆಸುವ ಮಾರುಕಟ್ಟೆ ಎಂಬ ಮಾತನ್ನು ಕೈಬಿಟ್ಟು, ಕಂಡದ್ದಷ್ಟನ್ನೇ ಹೇಳಿದೆ. ಸೀಟಿಯ ಪ್ರಸಂಗಕ್ಕೆ ಅಕ್ಕಪಕ್ಕದ ಹೆಂಗಸರು ಬಿದ್ದುಬಿದ್ದು ನಕ್ಕರು. ಅತ್ತಿಗೆ ನಗಲಿಲ್ಲ.

"ಬೆಲೆ ಎಷ್ಟ್ ಬಂತಂತೆ?"

"ಗೊತ್ತಾಗಲಿಲ್ಲ ಅತ್ತಿಗೆ. ಅವರ ಭಾಷೆ."

"ಅವ್ಳಿಗಾರ ಗೊತ್ತಾಯ್ತಾ?"

"ಗೊತ್ತಾಯ್ತು. ತಲೆ ಆಡಿಸಿದಳು."

ಅತ್ತಿಗೆ ಒಂದು ಜೋಡಿ ಗೂಡನ್ನು ಬಿಡಿಸಿ ಪಕ್ಕಕ್ಕೆಸೆದರು. ಇನ್ನೊಂದು ಚಂದ್ರಿಕೆಯನ್ನು ಎಳೆದುಕೊಳ್ಳುತ್ತ, ಯಾರಿಗೂ ಅಲ್ಲವೆಂಬಂತೆ ಹೇಳಿದರು: "ಕೂತ್ಕಂಡ್ ಕೇಳುದ್ಲಲ್ಲ. ಒಳ್ಳೇದಾಯ್ತು."

ಮರುದಿನ ಮುಂಜಾನೆ ಗಾಡಿ ಬಂತು. ಗೂಡಿನ ಮೂಟೆಗಳನ್ನು ಏರಿಸಿದರು. ನಾನು ಹೊರಬಂದು ನೋಡಿದರೆ ಅತ್ತಿಗೆ ಎಂದಿನಂತೆ ಸೆರಗು ಸಿಕ್ಕಿಸಿ, ಹಿತ್ತಲಿನ ತೊಟ್ಟಿಗೆ ನೀರು ಬಿಟ್ಟು, ತಟ್ಟೆಗಳನ್ನು ಎಳೆದು ಹಾಕುತ್ತಿದ್ದರು. ನಾನು ಹೊಂದಿಸಿಕೊಂಡಿದ್ದ ಮಾತುಗಳೆಲ್ಲ ಬಾಯಿಗೆ ಬಂದವು; ಅಷ್ಟರಲ್ಲಿ ಅಣ್ಣ ಗಾಡಿಯ ಪಕ್ಕದಿಂದ ಕೂಗಿದ.

"ಏನಮ್ಮಿ ಮಾಡ್ತಿದ್ದೀಯ?"

"ಕಾಣಾಕಿಲ್ವಾ? ತೊಳೀತಿವ್ನಿ."

"ಯಾವ ಹುಳ ಬತ್ತದೆ ಅಂತ ತೊಳೀತೀಯ?"

ಅವನು ಅದನ್ನು ಚುಚ್ಚಲು ಹೇಳಿರಲಿಲ್ಲ. ರೇಗಿಸುವ ಅಭ್ಯಾಸಬಲದಿಂದ ಬಾಯಿಗೆ ಬಂದ ಮಾತು, ಆಡಿದ ಮೇಲೆ ಅವನಿಗೇ ಅದರ ಭಾರ ತಿಳಿಯಿತು. ಅತ್ತಿಗೆ ಕೈಯಲ್ಲಿದ್ದ ತೆಂಗಿನ ನಾರನ್ನು ನೋಡಿಕೊಂಡರು. ತೊಟ್ಟಿ ತುಂಬಿ ನೀರು ಅವರ ಪಾದದ ಮೇಲೆ ಹರಿಯುತ್ತಿತ್ತು. ಇಷ್ಟು ವರ್ಷ ಅವರನ್ನು ಹಿತ್ತಲಿನಲ್ಲಿ ಹಿಡಿದಿಟ್ಟ ಕೆಲಸ ಅಂದು ಬೆಳಗ್ಗೆ ಇಲ್ಲವಾಗಿತ್ತು. ಬಿಡುವು ಸಿಕ್ಕಿತ್ತು; ಸಿಕ್ಕಿದ್ದು ಮುಂದೆ ಏನೂ ಬರುವುದಿಲ್ಲವೆಂಬ ಕಾರಣಕ್ಕೆ. ನನ್ನ ಯಾವ ವಾದವೂ ಗೆಲ್ಲಲಾಗದ್ದನ್ನು ಆ ಖಾಲಿತನ ಗೆದ್ದಿತು. ಗೆಲುವಿನಲ್ಲಿ ನನಗೆ ಸಂತೋಷವಾಗಲಿಲ್ಲ.

ಅತ್ತಿಗೆ ನಲ್ಲಿ ನಿಲ್ಲಿಸಿದರು. "ಸೀರೆ ಬದ್ಲಾಯ್ಸ್ಕಂಡ್ ಬತ್ತೀನಿ. ಒಸಿ ತಡ್ಕಳಿ" ಎಂದರು.

ಮಾರುಕಟ್ಟೆಯಲ್ಲಿ ನಮ್ಮ ಗೂಡನ್ನು ತಟ್ಟೆಗೆ ಸುರಿದ ಮೇಲೆ ಅತ್ತಿಗೆ ಅದರ ಪಕ್ಕದಲ್ಲಿ ಕೂತು, ಸೀರೆಯ ನೆರಿಗೆ ಸರಿಮಾಡಿಕೊಂಡು ಸುತ್ತಲೂ ನೋಡಿದರು. ಆ ಉದ್ದದ ಸಾಲುಗಳಲ್ಲಿ ಕೂತ ಹೆಂಗಸರು ಅವರೊಬ್ಬರೇ, ನಿಂತವಳು ನಾನೊಬ್ಬಳು. ಪಕ್ಕದ ತಟ್ಟೆಯವರು ಅಣ್ಣನಿಗೆ ಕಣ್ಣು ಮಿಟುಕಿಸಿದರು.

"ಏನ್ಲಾ, ಮನೇವ್ರುನ್ನೇ ಕರ್ಕಂಡ್ ಬಂದ್ಬುಟ್ಟಿದ್ದೀಯ? ನಿನ್ ಮ್ಯಾಲೆ ನಂಬ್ಕೆ ಇಲ್ವಂತಾ?"

"ಇಲ್ಲ ಕಣ್ಲಾ, ಗೂಡ್ ಮ್ಯಾಲೆ ನಂಬ್ಕೆ ಐತೆ, ಅದುಕ್ಕೆ" ಎಂದ ಅಣ್ಣ. ಆ ಉತ್ತರಕ್ಕೆ ನಾನು ಅವನನ್ನು ಬಹಳ ಮೆಚ್ಚಿದೆ.

"ಯಾವಾಗ ಕೂಗ್ತಾರೆ?" ಎಂದು ಅತ್ತಿಗೆ ಕೇಳಿದರು.

ಈಗ ಕೂಗುವುದಿಲ್ಲ. ನೂಲು ತೆಗೆಯುವ ರೀಲರುಗಳು ಸಾಲುಗಳ ನಡುವೆ ನಡೆಯುತ್ತ ತಟ್ಟೆಗಳನ್ನು ನೋಡುತ್ತಾರೆ, ಫೋನಿನಲ್ಲಿ ದರ ಒತ್ತುತ್ತಾರೆ, ಅಷ್ಟೆ. ಮೋಸಕ್ಕೆ ಎಡೆಯಿಲ್ಲದ ಒಳ್ಳೆಯ ವ್ಯವಸ್ಥೆಯೆಂದು ನಾನೇ ಭಾಷಣಗಳಲ್ಲಿ ಹೊಗಳಿದ್ದೇನೆ, ಈಗಲೂ ಹೊಗಳುತ್ತೇನೆ. ಆದರೆ ಅಪ್ಪನ ಜೊತೆ ಬಂದಾಗ ನಾನು ಕೇಳಿದ್ದ ಹರಾಜಿನ ಗದ್ದಲವನ್ನು ಅತ್ತಿಗೆ ಮನೆಯ ಮಾತುಗಳಲ್ಲಿ ಮಾತ್ರ ಕೇಳಿ ಬಲ್ಲವರು. ಅದನ್ನು ಕೇಳಲು ಅವರು ಬಂದಿದ್ದರು. ಎಲ್ಲರೂ ತಲೆ ತಗ್ಗಿಸಿ ತಮ್ಮ ತಮ್ಮ ಅಂಗೈ ನೋಡಿಕೊಳ್ಳುತ್ತಿದ್ದರು. ಅಷ್ಟು ಜನರ ನಡುವೆ ಕೂತ ಅತ್ತಿಗೆಯ ಮುಖದಲ್ಲಿ, ನಾನು ಕೊರಿಯಾದಲ್ಲಿ ಒಬ್ಬಳೇ ನಿಂತಿದ್ದ ಆ ಬೆಳಗನ್ನು ಕಂಡೆ.

ಬಿಳಿ ಟೋಪಿ ಹಾಕಿದ ರೀಲರೊಬ್ಬರು ನಮ್ಮ ತಟ್ಟೆಯ ಮುಂದೆ ನಿಂತು, ಕಣ್ಣಾಡಿಸಿ, ಹೆಬ್ಬೆರಳಲ್ಲಿ ಏನೋ ಒತ್ತಿ ಮುಂದೆ ನಡೆದರು.

"ಏನಣ್ಣಾ!" ಅತ್ತಿಗೆಯ ದನಿ ಆ ಮೌನದಲ್ಲಿ ಗಟ್ಟಿಯಾಗಿಯೇ ಕೇಳಿಸಿತು. "ಕೈ ಹಾಕ್ದೆ ಹೊಂಟೋದ್ರೆ ಹೆಂಗೆ? ನನ್ ಗೂಡು ಏನ್ ಅನ್ಕಬೇಕು?"

ಎರಡು ಸಾಲು ತಿರುಗಿ ನೋಡಿದವು. ರೀಲರು ನಿಂತರು, ನಕ್ಕರು, ಫೋನನ್ನು ಜೇಬಿಗೆ ಹಾಕಿ ಹಿಂದಕ್ಕೆ ಬಂದರು. "ತಪ್ಪಾಯ್ತು ತಾಯಿ" ಎನ್ನುತ್ತ ಒಂದು ಹಿಡಿ ಎತ್ತಿದರು. ಕಿವಿಯ ಬಳಿ ಹಿಡಿದು ಕುಲುಕಿದರು. ಒಂದು ಗೂಡನ್ನು ಬೆರಳುಗಳ ನಡುವೆ ಒತ್ತಿ ನೋಡಿದರು. ಮತ್ತೆ ಕುಲುಕಿದರು.

"ಮಾಲು ಭಲೇ ಐತೆ. ಯಾರು ಮೇಯ್ಸಿದ್ದು?"

ಅಣ್ಣ ಬಾಯಿ ತೆರೆದ. ಇಷ್ಟು ವರ್ಷ ಈ ಪ್ರಶ್ನೆಗೆ "ನಮ್ದೇ" ಎಂದು ಉತ್ತರಿಸಿದವನು ಅವನು. ತೆರೆದ ಬಾಯನ್ನು ಹಾಗೆಯೇ ಮುಚ್ಚಿಕೊಂಡ.

"ನಾನು" ಎಂದರು ಅತ್ತಿಗೆ.

ಸ್ವಲ್ಪ ಹೊತ್ತಿಗೆ ಅಣ್ಣನ ಫೋನು ಒಮ್ಮೆ ನಡುಗಿತು. ಅವನು ಅದನ್ನು ಅತ್ತಿಗೆಯ ಮುಂದೆ ಹಿಡಿದ. ದರ ಒಳ್ಳೆಯದೇ ಆಗಿತ್ತು. ಅತ್ತಿಗೆ ಆ ಅಂಕಿಯನ್ನು ನೋಡಿದರು, ಸಾಲುಗಳನ್ನು ನೋಡಿದರು, ಕೂಲಿಯವರು ಬಂದು ತಟ್ಟೆಯನ್ನು ಎಳೆಯತೊಡಗಿದ್ದನ್ನು ನೋಡಿದರು.

"ಅಷ್ಟ್ ಬೇಗ ಮುಗ್ದೋಯ್ತಾ?"

ಅತ್ತಿಗೆ ತಟ್ಟೆಯ ಹಿಂದೆ ಕೆಲವು ಹೆಜ್ಜೆ ನಡೆದು, ಗುಂಪಿನಲ್ಲಿ ಅದು ಮರೆಯಾಗುವವರೆಗೆ ನಿಂತಿದ್ದು ಬಂದರು. ಗಾಡಿಯಲ್ಲಿ ನಮ್ಮಿಬ್ಬರ ನಡುವೆ ಕೂತು, ದಾರಿಯಲ್ಲಿ ಕೇಳಿದರು: "ಆ ಮೀನ್ನೋಳೂ ಹಿಂಗೇ ನಿಂತಿದ್ಲಾ?" ಹೌದು ಎಂದೆ.

ಅಂದು ಸಂಜೆ ಅತ್ತಿಗೆ ಹುಳುಮನೆಯ ಬಾಗಿಲವರೆಗೆ ಹೋಗಿ, ವೈದ್ಯರ ಮಾತು ನೆನಪಾಗಿ, ಹೊಸ್ತಿಲಲ್ಲೇ ನಿಂತರು. ಹುಳುಗಳು ಸೊಪ್ಪು ತಿನ್ನುವಾಗ ಆ ಕೋಣೆಯಲ್ಲಿ ಒಣ ಎಲೆಗಳ ಮೇಲೆ ಯಾರೋ ಮೆಲ್ಲಗೆ ಓಡಾಡುತ್ತಿರುವಂಥ ಸದ್ದು ಇರುತ್ತದೆ. ನಮ್ಮ ಮನೆಯ ಎಲ್ಲ ಮಾತುಗಳ ಹಿಂದೆ ಆ ಸದ್ದು ಇದ್ದೇ ಇತ್ತು. ಅದು ನಿಂತಿದ್ದು ನನಗೆ ಆಗಲೇ ತಿಳಿದದ್ದು. ಅತ್ತಿಗೆ ಬಾಗಿಲು ಎಳೆದುಕೊಂಡರು. ನಾನು ಕಡೆಯ ಬಸ್ಸು ಹಿಡಿದು ರಾಮನಗರಕ್ಕೆ ಬಂದೆ.

ನನ್ನ ಅತ್ತಿಗೆ ಒಂದೇ ಒಂದು ಸಲ ಮಾರುಕಟ್ಟೆಗೆ ಹೋದರು, ಅದೂ ತೊಳೆಯಲು ಏನೂ ಉಳಿಯದಿದ್ದ ದಿನ. ಇದನ್ನು ಓದುತ್ತಿರುವವರಲ್ಲಿ ಹುಳು ಮೇಯಿಸುವ ಮನೆಯವರು ಇದ್ದೇ ಇರುತ್ತೀರಿ. ನಿಮ್ಮನ್ನು ಕೇಳಿಕೊಳ್ಳುವುದು ಇಷ್ಟೆ. ಕೊನೆಯ ಬೆಳೆಯವರೆಗೆ ಕಾಯಬೇಡಿ. ಮುಂದಿನ ಸಲ ಗೂಡು ಹೊರಡುವಾಗ ಅದನ್ನು ಮೇಯಿಸಿದವಳನ್ನೂ ಗಾಡಿಗೆ ಹತ್ತಿಸಿಕೊಳ್ಳಿ. ಹಿಂದಿರುಗಿದ ಮೇಲೆ ತಟ್ಟೆಗಳನ್ನು ಇಬ್ಬರೂ ಕೂತು ತೊಳೆಯಿರಿ.